ಬಚ್ಚಲ ಒಲೆಯ ಪಕ್ಕದ ಪೆಟ್ರೋಲ್ ಕ್ಯಾನು

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಕತ್ತಿಗೆ ಒಂದು ಜಾಗವಿದೆ, ಹಾರೆ ಗುದ್ದಲಿಗೆ ಒಂದು ಮೂಲೆಯಿದೆ, ದೋಟಿಗೆ ಮಾಡಿನ ಕೆಳಗೆ ಉದ್ದಕ್ಕೆ ಕಟ್ಟಿದ ಕೊಕ್ಕೆಯಿದೆ. ಇವನ್ನೆಲ್ಲ ಯಾರೂ ಕೂತು ಯೋಚಿಸಿ ನಿಗದಿ ಮಾಡಿದ್ದಲ್ಲ. ಎರಡು ಮೂರು ತಲೆಮಾರು ಬಳಸಿ ಬಳಸಿ ತಾವಾಗಿಯೇ ನಿಂತದ್ದು. ವೀಡ್ ಕಟರಿಗೆ ಮಾತ್ರ ಇನ್ನೂ ಒಂದು ಜಾಗ ಅಂತ ಆಗಿಲ್ಲ. ಒಂದು ಮನೆಯಲ್ಲಿ ಅದು ಕೊಟ್ಟಿಗೆಯ ಗೋಡೆಗೆ ನೇತಾಡುತ್ತದೆ, ಇನ್ನೊಂದರಲ್ಲಿ ಅಡಿಕೆ ಮೂಟೆಗಳ ಸಂದಿಯಲ್ಲಿ ಒರಗಿರುತ್ತದೆ, ಮತ್ತೊಂದರಲ್ಲಿ ಹುಲ್ಲಿನ ಅಟ್ಟದ ಏಣಿಯ ಬುಡ ಸೇರಿರುತ್ತದೆ. ಮಳೆಯಲ್ಲಿ ತೊಯ್ದು ಬಂದದ್ದು ಒಣಗಲಿ ಎಂದು ಬಚ್ಚಲುಮನೆಯಲ್ಲಿ ಇಡುವವರಿದ್ದಾರೆ. ಅದರ ಜೊತೆಗೇ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಆಯಿಲ್ ಬೆರೆಸಿದ ಪೆಟ್ರೋಲು. ನಾಲ್ಕು ಮಾರು ಆಚೆಗೆ ಹಂಡೆಯ ಒಲೆ. ಜೂನ್ ತಿಂಗಳಲ್ಲಿ ಆ ಒಲೆ ಬೆಳಗಿನಿಂದ ರಾತ್ರಿಯವರೆಗೆ ಆರುವುದೇ ಇಲ್ಲ.

ಪೆಟ್ರೋಲು ನಮ್ಮ ತೋಟದ ಮನೆಗಳ ಒಳಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಅದು ಬೈಕಿನ ಟ್ಯಾಂಕಿನಲ್ಲಿ ಬರುತ್ತಿತ್ತು, ಅಂಗಳದಲ್ಲೇ ನಿಲ್ಲುತ್ತಿತ್ತು, ಹಾಗೇ ಹೋಗುತ್ತಿತ್ತು. ಕೂಲಿಗೆ ಜನ ಸಿಗುವುದು ಕಡಿಮೆಯಾದ ಹಾಗೆಲ್ಲ ಒಂದೊಂದೇ ಯಂತ್ರ ಮನೆ ಸೇರಿತು. ಮೊದಲು ಕಳೆ ಹೊಡೆಯುವ ಕಟರು, ಆಮೇಲೆ ಮರ ಕೊಯ್ಯುವ ಚೈನ್ ಸಾ, ಕೊಳೆ ಔಷಧಿ ಹೊಡೆಯಲು ಎಂಜಿನ್ ಕೂರಿಸಿದ ಪಂಪು, ಗುಂಡಿ ತೆಗೆಯುವ ಮಷಿನ್ನು, ಕರೆಂಟು ಹೋದಾಗಿನ ಸಣ್ಣ ಜನರೇಟರು. ದಕ್ಷಿಣ ಕನ್ನಡದ ಕೃಷಿಕರೊಬ್ಬರು ರೂಪಿಸಿದ, ಅಡಿಕೆ ಮರ ಹತ್ತುವ ಬೈಕು ಕೂಡ ಓಡುವುದು ಪೆಟ್ರೋಲಿನಲ್ಲೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳ ಕಥೆಯೂ ಬೇರೆಯಲ್ಲ. ಸಬ್ಸಿಡಿ ಸಿಕ್ಕಿತು, ಸಾಲ ಸಿಕ್ಕಿತು, ಮನೆ ಬಾಗಿಲಿಗೆ ಡೀಲರು ಬಂದು ಸ್ಟಾರ್ಟ್ ಮಾಡಿ ತೋರಿಸಿದ. ಯಂತ್ರ ಓಡಿಸುವಾಗ ಕನ್ನಡಕ ಹಾಕಿ, ಬೂಟು ಹಾಕಿ ಎಂದೂ ಹೇಳಿದ. ನಿಲ್ಲಿಸಿದ ಮೇಲೆ ಎಲ್ಲಿಡಬೇಕು, ಪೇಟೆಗೆ ರಿಪೇರಿಗೆ ಒಯ್ಯುವಾಗ ಹೇಗೆ ಒಯ್ಯಬೇಕು ಎಂಬುದನ್ನು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೇಳದೇ ಇದ್ದದ್ದಕ್ಕೆ ಕಾರಣವಿದೆ. ಉರಿಯುವ ಎಣ್ಣೆಯ ವಿಚಾರ ನಮಗೆ ಗೊತ್ತು ಎಂದೇ ನಾವು ತಿಳಿದಿದ್ದೇವೆ. ಚಿಮಣಿ ಬುಡ್ಡಿಯ ಕಾಲದಿಂದ ಸೀಮೆಎಣ್ಣೆಯ ಜೊತೆ ಬದುಕಿದವರು ನಾವು. ಅಡುಗೆಮನೆಯ ಮೂಲೆಯಲ್ಲಿ ಸೀಮೆಎಣ್ಣೆ ಡಬ್ಬಿ, ಅದಕ್ಕೆ ಸಿಕ್ಕಿಸಿದ ತಗಡಿನ ಕೈಪಂಪು, ಸ್ಟೌವಿನ ಪಕ್ಕದಲ್ಲೇ ಬಾಟಲಿ. ಪಂಪ್‌ಸೆಟ್ಟಿಗೆ, ಟಿಲ್ಲರಿಗೆ ಡೀಸೆಲ್ ಬಂತು. ಅದೂ ಹಾಗೇ ಒಂದು ಕ್ಯಾನಿನಲ್ಲಿ ಮೂಲೆ ಹಿಡಿಯಿತು. ಚೆಲ್ಲಿದರೆ ಗೋಣಿಚೀಲದಲ್ಲಿ ಒರೆಸಿದೆವು, ವಾಸನೆ ಬಂದರೆ ಕಿಟಕಿ ತೆರೆದೆವು, ಏನೂ ಆಗಲಿಲ್ಲ. ಅದೇ ರೂಢಿಯಲ್ಲಿ ಪೆಟ್ರೋಲನ್ನೂ ಬರಮಾಡಿಕೊಂಡೆವು. ನನ್ನ ಪ್ರಕಾರ ಈ ಯಂತ್ರಗಳ ಸುತ್ತ ಆಗುವ ಬೆಂಕಿ ಅನಾಹುತಗಳ ಬೇರು ಇಲ್ಲಿದೆ. ಅಜಾಗರೂಕತೆ ಎಂದು ಬೈಯುವುದು ಸುಲಭ. ನಿಜದಲ್ಲಿ ಇದು ಸೀಮೆಎಣ್ಣೆಯಿಂದ ಕಲಿತ ಜಾಗರೂಕತೆಯನ್ನೇ ಅದು ಸಲ್ಲದ ಕಡೆ ಬಳಸಿದ್ದು.

ಸೀಮೆಎಣ್ಣೆಗೂ ಡೀಸೆಲಿಗೂ ಒಂದು ಗುಣವಿದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಮೀರುವ ತನಕ ಅವು ಕಿಡಿಗೆ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡುವುದಿಲ್ಲ. ಬತ್ತಿ ಬೇಕಾಗುವುದು, ಸ್ಟೌವನ್ನು ಮೊದಲು ಬಿಸಿ ಮಾಡಬೇಕಾಗುವುದು ಅದಕ್ಕೇ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅಷ್ಟು ಆವಿ ಬಿಡುತ್ತದೆ. ಅಂದರೆ ಆಗುಂಬೆಯ ಜನವರಿಯ ನಸುಕಿನಲ್ಲೂ, ಹೊನ್ನಾವರದ ಮೇ ಮಧ್ಯಾಹ್ನದಲ್ಲೂ, ಮುಚ್ಚಳ ತೆಗೆದ ಮರುಗಳಿಗೆಯಿಂದ ಅದು ಬೆಂಕಿಗೆ ತಯಾರಾಗಿಯೇ ಇರುತ್ತದೆ. ನಮ್ಮ ಕಾನೂನಿಗೆ ಈ ವ್ಯತ್ಯಾಸ ಬಹಳ ಹಿಂದೆಯೇ ಗೊತ್ತಿತ್ತು. 1934ರ ಪೆಟ್ರೋಲಿಯಂ ಕಾಯ್ದೆ ಪೆಟ್ರೋಲನ್ನು ‘ಎ’ ವರ್ಗದಲ್ಲಿಟ್ಟು, ಸೀಮೆಎಣ್ಣೆ ಮತ್ತು ಡೀಸೆಲನ್ನು ‘ಬಿ’ ವರ್ಗಕ್ಕೆ ಹಾಕಿದೆ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾದರೆ ಪರವಾನಗಿ ಇಲ್ಲದೆ ಎಷ್ಟು ಇಟ್ಟುಕೊಳ್ಳಬಹುದು? ‘ಬಿ’ ವರ್ಗದ್ದನ್ನು 2500 ಲೀಟರಿನವರೆಗೆ, ಒಂದೊಂದು ಪಾತ್ರೆ 1000 ಲೀಟರ್ ಮೀರದಂತೆ. ಪೆಟ್ರೋಲನ್ನು ಕೇವಲ 30 ಲೀಟರ್. ಅದೂ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ: ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು. ನೀರಿನ ಬಾಟಲಿ, ಅಡುಗೆ ಎಣ್ಣೆಯ ಕ್ಯಾನು ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ.

ಕಣ್ಣಿಗೆ ಕಾಣುವ ಪೆಟ್ರೋಲು ಉರಿಯುವುದಿಲ್ಲ. ಉರಿಯುವುದು ಕಾಣದ ಆವಿ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೇಳದೆ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ನೆಲದ ಮೇಲೆ ಹರಿಯುತ್ತದೆ. ಬಾಗಿಲ ಕೆಳಗಿನ ಸಂದಿಯಿಂದ ನುಸುಳುತ್ತದೆ, ಮೆಟ್ಟಿಲಿಳಿಯುತ್ತದೆ, ಬಚ್ಚಲಿನ ನೀರು ಹೋಗುವ ಕಿಂಡಿಯಲ್ಲೂ ಸಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೆ ಸಾಕು, ಕಿಡಿಗೆ ಹತ್ತಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಎರಡು ಲೀಟರ್ ಪೆಟ್ರೋಲು ಪೂರ್ತಿ ಆವಿಯಾದರೆ ಹತ್ತಡಿ ಉದ್ದಗಲದ ಒಂದು ಕೋಣೆಯ ಗಾಳಿಯನ್ನೆಲ್ಲ ಉರಿಯುವ ಗಾಳಿ ಮಾಡಬಲ್ಲದು. ವಾಸ್ತವದಲ್ಲಿ ಅಷ್ಟೂ ಬೇಡ, ಏಕೆಂದರೆ ಅದು ಕೋಣೆ ತುಂಬ ಹರಡದೆ ಮೊಣಕಾಲಿನ ಕೆಳಗೇ ದಟ್ಟವಾಗಿ ನಿಲ್ಲುತ್ತದೆ. ಅಲ್ಲೇ ನಮ್ಮ ಹಂಡೆ ಒಲೆಯ ಬಾಯಿಯೂ ಇರುವುದು.

ಸೀಮೆಎಣ್ಣೆಯ ಡಬ್ಬಿ ಒಲೆಯಿಂದ ಮೂರಡಿ ಆಚೆ ಇದ್ದರೆ ನಿಶ್ಚಿಂತೆ ಎಂಬ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪೆಟ್ರೋಲಿನ ಕ್ಯಾನು ಒಲೆಯ ಹತ್ತಿರ ಹೋಗಬೇಕಿಲ್ಲ. ಕ್ಯಾನಿನ ಆವಿ ತಾನೇ ಒಲೆಯ ತನಕ ಹೋಗಿ, ಹತ್ತಿಕೊಂಡು, ಬೆಂಕಿಯನ್ನು ಕ್ಯಾನಿನ ತನಕ ವಾಪಸು ಕರೆತರುತ್ತದೆ. ಒಲೆಯೇ ಆಗಬೇಕೆಂದೂ ಇಲ್ಲ. ಫ್ರಿಜ್ ತಾನಾಗಿ ಚಾಲೂ ಆಗುವಾಗಿನ ಕಿಡಿ, ಇನ್ವರ್ಟರ್ ಬ್ಯಾಟರಿಯ ಸಡಿಲ ಟರ್ಮಿನಲ್, ಲೈಟಿನ ಸ್ವಿಚ್ಚು, ಅಡಿಕೆ ಬೇಯಿಸುವ ಒಲೆಯಿಂದ ಹಾರಿದ ಒಂದು ಕೆಂಡ ಸಾಕು. ಸುಗ್ಗಿಯ ಕಾಲದಲ್ಲಿ ಅಡಿಕೆ ಬೇಯಿಸುವ ಕೊಟ್ಟಿಗೆಯಲ್ಲೇ ಯಂತ್ರ ಇಡುವವರು ಇದನ್ನೊಮ್ಮೆ ಯೋಚಿಸಬೇಕು.

ಇದು ಹಳ್ಳಿಮನೆಗಷ್ಟೇ ಸೇರಿದ ಸಂಕಟವೂ ಅಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಹುಲ್ಲು ಕತ್ತರಿಸುವ ಮೋವರನ್ನೂ ಹಿಮ ಸರಿಸುವ ಯಂತ್ರವನ್ನೂ ಮನೆಗೆ ತಾಗಿದ ಗ್ಯಾರೇಜಿನಲ್ಲಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಅದೇ ಗ್ಯಾರೇಜಿನಲ್ಲಿ ಗ್ಯಾಸಿನ ವಾಟರ್ ಹೀಟರ್ ಇರುತ್ತದೆ. ಅವರ ಹಂಡೆ ಒಲೆ ಅದು. ಅಲ್ಲಿನ ಕಟ್ಟಡ ನಿಯಮದ ಪ್ರಕಾರ ಗ್ಯಾರೇಜಿನೊಳಗಿನ ಹೀಟರಿನ ಉರಿ ನೆಲದಿಂದ 18 ಇಂಚು ಮೇಲಿರಬೇಕು. ಆವಿ ನೆಲದ ಮೇಲೆ ಹರಿದು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹುಟ್ಟಿದ ಅಳತೆ ಇದು. 2003ರಿಂದೀಚೆಗೆ ಹೀಟರುಗಳನ್ನೇ, ಒಳಗೆ ಹೊಕ್ಕ ಆವಿ ಹತ್ತಿಕೊಂಡರೂ ಉರಿ ಹೊರಗೆ ದಾಟದಂತೆ ರೂಪಿಸತೊಡಗಿದರು. ಪೆಟ್ರೋಲ್ ಕ್ಯಾನಿನ ಬಾಯಿಗೆ ಜ್ವಾಲೆ ತಡೆಯುವ ಜಾಲರಿಯಂಥ ಸಾಧನ ಇರಬೇಕೆಂದು 2020ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದರು. ನಮ್ಮಲ್ಲಿ ಹಂಡೆ ಒಲೆಗೆ ಕಟ್ಟಡ ನಿಯಮ ಬರುವ ಹಾಗಿಲ್ಲ. ಹಾಗಾಗಿ ಕ್ಯಾನು ಆ ಸೂರಿನಡಿಗೆ ಬರದಂತೆ ನೋಡಿಕೊಳ್ಳುವುದೊಂದೇ ದಾರಿ.

ಇನ್ನೂ ಒಂದು ರೂಢಿಯ ವಿಷಯ ಹೇಳಲೇಬೇಕು, ಎಲ್ಲಕ್ಕಿಂತ ಕೆಟ್ಟದ್ದು ಅದೇ. ಮಳೆಗಾಲದ ಹಸಿ ಕಟ್ಟಿಗೆ ಹೊತ್ತದಿದ್ದಾಗ ಒಂದಿಷ್ಟು ಸೀಮೆಎಣ್ಣೆ ಸುರಿದು ಕಡ್ಡಿ ಗೀರುವುದು ಎಲ್ಲರಿಗೂ ಗೊತ್ತಿದ್ದ ಉಪಾಯ. ಈಗ ರೇಷನ್ ಅಂಗಡಿಯ ಸೀಮೆಎಣ್ಣೆ ಮನೆಗಳಿಂದ ಹೆಚ್ಚುಕಡಿಮೆ ಮಾಯವಾಗಿದೆ. ಕೈಗೆ ಸಿಗುವುದು ವೀಡ್ ಕಟರಿನ ಬಾಟಲಿ. ಸೀಮೆಎಣ್ಣೆ ಸುರಿದು, ಬೆಂಕಿಪೊಟ್ಟಣ ಹುಡುಕಿ, ಬಗ್ಗಿ ಕೂತು ಕಡ್ಡಿ ಗೀರುವಷ್ಟು ಹೊತ್ತು ಇತ್ತು. ಪೆಟ್ರೋಲು ಸುರಿದರೆ ಆ ಹೊತ್ತಿನೊಳಗೆ ಆವಿ ಒಲೆ ತುಂಬಿ, ಬೂದಿಗುಂಡಿ ತುಂಬಿ, ಕೂತವರ ಸೀರೆಯ ನೆರಿಗೆಯ ತನಕ ಬಂದಿರುತ್ತದೆ. ಕಡ್ಡಿ ಗೀರಿದರೆ ಒಲೆ ಹೊತ್ತುವುದಿಲ್ಲ, ಸಿಡಿಯುತ್ತದೆ. ಬೂದಿಯೊಳಗೆ ಹಿಂದಿನ ದಿನದ ಕೆಂಡ ಉಳಿದಿದ್ದರೆ ಕಡ್ಡಿಯೂ ಬೇಡ. ಒಲೆಗೆ, ಕಸದ ರಾಶಿಗೆ, ಕಣಜದ ಗೂಡಿಗೆ, ಇರುವೆಯ ಹುತ್ತಕ್ಕೆ ಪೆಟ್ರೋಲು ಸುರಿಯಲು ಮನೆಯಲ್ಲಿ ಯಾರಿಗೂ ಯಾವ ಕಾರಣಕ್ಕೂ ಅವಕಾಶ ಕೊಡಬಾರದು.

ಇನ್ನು ಬಂಕಿನಿಂದ ಮನೆಗೆ ತರುವ ಕಥೆ. ಬಂಕಿಗೆ ಹೋಗಿ ನೀರಿನ ಬಾಟಲಿ ಚಾಚಿದರೆ ಹುಡುಗ ತಲೆಯಾಡಿಸುತ್ತಾನೆ: “ಇಲ್ಲ ಅಣ್ಣ, ಬಾಟ್ಲಿಗೆ ಹಾಕಂಗಿಲ್ಲ.” ಅವನು ಹೇಳುವುದು ಸರಿ. ಆದರೆ ಬಂಕು ಹದಿನೈದು ಇಪ್ಪತ್ತು ಕಿಲೋಮೀಟರ್ ದೂರವಿರುವ ಹಳ್ಳಿಯವನು ಏನು ಮಾಡುತ್ತಾನೆ? ಬೈಕಿನ ಟ್ಯಾಂಕು ತುಂಬಿಸಿಕೊಂಡು ಬಂದು, ಅಂಗಳದಲ್ಲಿ ಪೈಪು ಬಿಟ್ಟು ಬಾಯಿಂದ ಎಳೆದು ಬಾಟಲಿಗೆ ಇಳಿಸುತ್ತಾನೆ. ಅಪಾಯ ತಪ್ಪಿಸಲು ಮಾಡಿದ ನಿಯಮ ಇನ್ನೂ ದೊಡ್ಡ ಅಪಾಯಕ್ಕೆ ದೂಡುವುದು ಹೀಗೆ. ಬಾಯಿಂದ ಎಳೆದ ಪೆಟ್ರೋಲು ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಕೆಟ್ಟದ್ದು; ಕೆಲವೇ ಹನಿ ಸಾಕು, ನ್ಯುಮೋನಿಯಾದಂಥ ಉರಿಯೂತ ಶುರುವಾಗುತ್ತದೆ. ಯಾರಾದರೂ ಹೀಗೆ ನುಂಗಿದರೆ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಅದು ಮತ್ತೆ ಶ್ವಾಸನಾಳಕ್ಕೆ ಇಳಿಯಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಕೆಮ್ಮು ಕಡಿಮೆಯಾಯಿತು ಎಂದು ಮನೆಯಲ್ಲೇ ಕೂರಬಾರದು.

ಬಾಟಲಿಯ ಇನ್ನೊಂದು ಅಪಾಯ ಅದರ ಬಣ್ಣದ್ದು. ಟೂ ಸ್ಟ್ರೋಕ್ ಎಂಜಿನ್ನಿಗೆ ಬೆರೆಸುವ ಆಯಿಲಿಗೆ ಕಂಪನಿಗಳು ಹಸಿರು, ನೀಲಿ, ಕೆಂಪು ಬಣ್ಣ ಸೇರಿಸಿರುತ್ತವೆ, ಬೆರೆಸಿದ್ದೋ ಬರೀ ಪೆಟ್ರೋಲೋ ಎಂದು ಗುರುತು ಸಿಗಲಿ ಎಂದು. ಶಿರಸಿ, ಸಾಗರ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಮುರುಗಲು ಹಣ್ಣಿನ ಕೆಂಪು ಪಾಕವೂ ನೀರಿನ ಬಾಟಲಿಯಲ್ಲೇ ಇರುತ್ತದೆ. ಬೇಸಿಗೆ ರಜೆಗೆ ಅಜ್ಜನ ಮನೆಗೆ ಬಂದ ಮೊಮ್ಮಗನಿಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದು ಬಾಯಿಗೆ ಹಾಕಿದ ಮೇಲೆ. ಕುಡಿಯುವ, ತಿನ್ನುವ ವಸ್ತು ಬಂದ ಯಾವ ಪಾತ್ರೆಗೂ ಪೆಟ್ರೋಲು ಹಾಕಬಾರದು ಎನ್ನಲು ಇಷ್ಟು ಸಾಲದೇ?

ಹಾಗಾದರೆ ಏನು ಬೇಕು? ಐದು ಲೀಟರಿನ, ಸ್ಕ್ರೂ ಮುಚ್ಚಳಕ್ಕೆ ರಬ್ಬರ್ ವಾಷರ್ ಇರುವ, ಒಂದು ಗಟ್ಟಿ ಲೋಹದ ಕ್ಯಾನು. ಲೋಹದ ಕ್ಯಾನು ತಂದವರಿಗೆ ಹಾಕಿಕೊಡುವ ಬಂಕುಗಳಿವೆ. ಮೊದಲೇ ಮಾತಾಡಿಕೊಂಡರೆ ಒಳ್ಳೆಯದು. ಕಾನೂನು 30 ಲೀಟರಿನವರೆಗೆ ಬಿಟ್ಟಿದೆ ನಿಜ, ಆದರೆ ಒಂದು ಮನೆಗೆ ಅಷ್ಟು ಏಕೆ? ವೀಡ್ ಕಟರ್ ಗಂಟೆಗೆ ಮುಕ್ಕಾಲಿನಿಂದ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆ. ಒಂದು ದಿನದ ಕೆಲಸಕ್ಕೆ ಐದು ಲೀಟರ್ ಧಾರಾಳ. ಎರಡನೇ ದಿನದ್ದನ್ನು ಎರಡನೇ ದಿನ ತಂದರಾಯಿತು.

ಕ್ಯಾನು ಎಂದಾಗ ಮಿಲಿಟರಿ ಜೀಪುಗಳ ಹಿಂದೆ ನೇತಾಡುವ ಚಪ್ಪಟೆ ಜೆರ‍್ರಿ ಕ್ಯಾನನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1930ರ ದಶಕದಲ್ಲಿ ಜರ್ಮನರು ತಮ್ಮ ಸೈನ್ಯಕ್ಕೆಂದು ಮಾಡಿದ 20 ಲೀಟರಿನ ಕ್ಯಾನು ಅದು. ಎರಡನೇ ಮಹಾಯುದ್ಧದ ಹೊತ್ತಿಗೆ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಬ್ರಿಟಿಷರು ಬಳಸುತ್ತಿದ್ದ ತೆಳು ತಗಡಿನ ಡಬ್ಬಿಗಳು ದಾರಿಯುದ್ದಕ್ಕೂ ಸೋರುತ್ತಿದ್ದವು. ಶತ್ರುವಿನ ಕ್ಯಾನು ಕೈಗೆ ಸಿಕ್ಕಾಗ ಅದನ್ನು ಬಿಡದೆ ಬಳಸಿ, ಕೊನೆಗೆ ತಾವೂ ಅದನ್ನೇ ನಕಲು ಮಾಡಿದರು. ಅದರ ಪಕ್ಕೆಗಳಲ್ಲಿ ಗುಣಾಕಾರ ಚಿಹ್ನೆಯ ತಗ್ಗು ಗೆರೆಗಳಿವೆ. ಅವು ಅಂದಕ್ಕಲ್ಲ. ಬಿಸಿಲಿಗೆ ಪೆಟ್ರೋಲು ಹಿಗ್ಗಿದಾಗ ತಗಡು ಒಡೆಯದೆ ಉಬ್ಬಲು ಆ ಗೆರೆಗಳು ಜಾಗ ಕೊಡುತ್ತವೆ. ಪೂರ್ತಿ ತುಂಬಿದರೂ ಹಿಡಿಕೆಯ ಕೆಳಗೆ ಒಂದಿಷ್ಟು ಗಾಳಿ ಉಳಿಯುವಂತೆ ಅದರ ಮೇಲ್ಭಾಗವಿದೆ. ಈ ಬುದ್ಧಿ ನಮ್ಮ ಸಾದಾ ಕ್ಯಾನಿಗೂ ಬೇಕು. 20 ಲೀಟರ್ ಪೆಟ್ರೋಲು 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ಕಂಠದವರೆಗೆ ತುಂಬಿದ ಕ್ಯಾನಿನಲ್ಲಿ ಅದಕ್ಕೆ ಜಾಗವಿಲ್ಲ. ಇಪ್ಪತ್ತರಲ್ಲಿ ಒಂದು ಪಾಲು ಖಾಲಿ ಬಿಡಬೇಕು.

ತುಂಬಿಸುವಾಗ ಕ್ಯಾನು ನೆಲದ ಮೇಲಿರಲಿ. ಪಿಕಪ್ಪಿನ ಹಿಂಬದಿಯಲ್ಲಿ ಹಾಸಿದ ಪ್ಲಾಸ್ಟಿಕ್ ಶೀಟಿನ ಮೇಲೋ ಕಾರಿನ ಡಿಕ್ಕಿಯ ಕಾರ್ಪೆಟ್ಟಿನ ಮೇಲೋ ಇಟ್ಟು ತುಂಬಿಸಿದರೆ ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರ ವಿದ್ಯುತ್ತು ನೆಲಕ್ಕಿಳಿಯಲಾರದೆ ಕ್ಯಾನಿನಲ್ಲೇ ಉಳಿಯುತ್ತದೆ. ನಳಿಕೆ ಹತ್ತಿರ ಬಂದಾಗ ಹಾರುವ ಒಂದು ಕಿಡಿ ಬೇರೇನನ್ನೂ ಕಾಯುವುದಿಲ್ಲ. ಫೆಬ್ರವರಿ ಮಾರ್ಚಿನ ಒಣ ಹವೆಯಲ್ಲಿ ಇದರ ಭಯ ಹೆಚ್ಚು.

ತಂದದ್ದಾಯಿತು. ಇನ್ನು ಯಂತ್ರವನ್ನೇ ಸಾಗಿಸುವುದು. ಮಳೆಗಾಲ ಶುರುವಾದರೆ ಬಾಡಿಗೆಗೆ ಕಳೆ ಹೊಡೆಯುವ ಹುಡುಗರು ತೋಟದಿಂದ ತೋಟಕ್ಕೆ ಬೈಕಿನಲ್ಲಿ ಓಡಾಡುವುದನ್ನು ಕಾಣಬಹುದು. ಹಿಂದೆ ಕೂತವನ ಹೆಗಲಿಗೆ ಅಡ್ಡವಾಗಿ ಕಟರು, ಒಂದು ತುದಿಯಲ್ಲಿ ಹೊದಿಕೆಯಿಲ್ಲದ ಬ್ಲೇಡು, ಇನ್ನೊಂದು ತುದಿಯಲ್ಲಿ ಈಗಷ್ಟೇ ನಿಲ್ಲಿಸಿದ ಎಂಜಿನ್ನು, ಇಬ್ಬರ ನಡುವೆ ಪೆಟ್ರೋಲಿನ ಬಾಟಲಿ. ಅವರಿಗೆ ಕೆಲಸದ ಗಂಟೆಯ ಲೆಕ್ಕದಲ್ಲಿ ದುಡ್ಡು. ತಣಿಯಲಿ ಎಂದು ಹತ್ತು ನಿಮಿಷ ಕಾಯುವುದು ಅವರಿಗೆ ನಷ್ಟ. ಹಾಗಾಗಿ ಬುದ್ಧಿ ಹೇಳಬೇಕಾದದ್ದು ಅವರಿಗಲ್ಲ, ಕೆಲಸಕ್ಕೆ ಕರೆಸಿದವರು ಆ ಹತ್ತು ನಿಮಿಷವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಒಂದು ಲೋಟ ಮಜ್ಜಿಗೆ ಕುಡಿದು ಆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸೈಲೆನ್ಸರು ಬಹುಮಟ್ಟಿಗೆ ತಣಿದಿರುತ್ತದೆ.

ಹೊರಡುವ ಮುಂಚೆ ಮಾಡುವ ಕೆಲಸ ಹೆಚ್ಚೇನಿಲ್ಲ. ಟ್ಯಾಂಕಿನ ಕಾಕ್ ಇದ್ದರೆ ಮುಚ್ಚಬೇಕು, ಮುಚ್ಚಳ ಬಿಗಿಯಾಗಿದೆಯೇ ನೋಡಬೇಕು, ಸ್ಪಾರ್ಕ್ ಪ್ಲಗ್ಗಿನ ಕ್ಯಾಪು ಕಳಚಬೇಕು. ಬ್ಲೇಡಿಗೆ ಅದರ ಕವರು, ಅದು ಕಳೆದುಹೋಗಿದ್ದರೆ ಸೀಳಿದ ಹಳೆಯ ಟ್ಯೂಬು. ಚೈನ್ ಸಾ ಬಾರಿಗೆ ಅದರದೇ ಒರೆ. ದೂರದ ದಾರಿಯಾದರೆ ಟ್ಯಾಂಕು ಖಾಲಿ ಮಾಡಿ ಒಯ್ಯುವುದೇ ಸರಿ. ಫೋರ್ ಸ್ಟ್ರೋಕ್ ಎಂಜಿನ್ನಾದರೆ ಇನ್ನೊಂದು ಗಮನ: ಅದರೊಳಗೆ ಬೇರೆಯೇ ಆಯಿಲ್ ಇರುತ್ತದೆ, ಪಂಪು ಜನರೇಟರಿನಂಥವನ್ನು ಅಡ್ಡ ಮಲಗಿಸಿದರೆ ಅದು ಸಿಲಿಂಡರಿಗೂ ಏರ್ ಫಿಲ್ಟರಿಗೂ ನುಗ್ಗುತ್ತದೆ. ನಿಲ್ಲಿಸಿಯೇ, ಎರಡು ಕಡೆಯಿಂದ ಹಗ್ಗ ಹಾಕಿ ಕಟ್ಟಬೇಕು. ಘಟ್ಟದ ತಿರುವುಗಳಲ್ಲಿ ಜಾರಿ ಬಿದ್ದ ಯಂತ್ರಕ್ಕಿಂತ, ಜಾರಿ ಬಿದ್ದು ಪಕ್ಕದ ಕ್ಯಾನಿನ ಮುಚ್ಚಳ ಮುರಿದ ಯಂತ್ರ ಅಪಾಯ.

ತೆರೆದ ಪಿಕಪ್ಪು ಎಲ್ಲಕ್ಕಿಂತ ವಾಸಿ. ಕಾರಿನಲ್ಲೇ ತರಬೇಕಾದರೆ ಕಿಟಕಿ ಇಳಿಸಿ, ನೇರ ಮನೆಗೆ ಬರಬೇಕು. ಪೇಟೆಯಲ್ಲಿ ಕ್ಯಾನು ಡಿಕ್ಕಿಯಲ್ಲಿಟ್ಟು ಕಾರನ್ನು ಬಿಸಿಲಿಗೆ ನಿಲ್ಲಿಸಿ, ಸೊಸೈಟಿಗೆ ಹೋಗಿ, ಊಟ ಮುಗಿಸಿ ಬಂದರೆ, ಅಷ್ಟು ಹೊತ್ತು ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿಸಿದ ಹಾಗಾಯಿತು. ಪೆಟ್ರೋಲು ಕೊನೆಯ ಕೆಲಸವಾಗಲಿ. ಬಸ್ಸಿನಲ್ಲಂತೂ ಬೇಡವೇ ಬೇಡ. ಟ್ಯಾಂಕಿನಲ್ಲಿ ಎಣ್ಣೆ ಇರುವ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಸೀಟಿನ ಕೆಳಗೆ ತುರುಕುವವರು ಐವತ್ತು ಜನರ ಪ್ರಾಣದ ಜೊತೆ ಆಡುತ್ತಿರುತ್ತಾರೆ. ರೈಲಿನಲ್ಲಿ ಬೈಕು ಬುಕ್ ಮಾಡುವಾಗ ಟ್ಯಾಂಕು ಖಾಲಿ ಮಾಡಿಸುತ್ತಾರಲ್ಲ, ಅದೇ ನ್ಯಾಯ ವೀಡ್ ಕಟರಿಗೂ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅಪಾಯಕಾರಿ ವಸ್ತುವನ್ನು ಕಾನೂನು ಮೀರಿ ರೈಲಿನಲ್ಲಿ ಒಯ್ದರೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತೋಟದೊಳಗೆ ಎಣ್ಣೆ ತುಂಬಿಸುವುದೂ ಒಂದು ಸಾಗಾಟವೇ. ನಿಂತ ಕೂಡಲೇ, ಯಂತ್ರ ಹೆಗಲ ಮೇಲಿರುವಾಗಲೇ, ಟ್ಯಾಂಕಿನ ಮುಚ್ಚಳ ತೆಗೆದು ಸುರಿಯುವುದನ್ನು ನೋಡಿದ್ದೇನೆ. ಬಿಸಿ ಸೈಲೆನ್ಸರಿನ ಮೇಲೆ ಚೆಲ್ಲಿದ ಪೆಟ್ರೋಲು ಕ್ಷಣದಲ್ಲಿ ಆವಿಯಾಗುತ್ತದೆ, ಹತ್ತಿಕೊಂಡರೆ ಯಂತ್ರದ ಬೆಲ್ಟು ಮೈಗೇ ಕಟ್ಟಿಕೊಂಡಿರುತ್ತದೆ. ಕೆಳಗಿಳಿಸಿ, ತಣಿಸಿ, ತುಂಬಿಸಿ, ಚೆಲ್ಲಿದ್ದನ್ನು ಒರೆಸಿ, ಅಲ್ಲಿಂದ ಹತ್ತಡಿ ಆಚೆ ಹೋಗಿ ಸ್ಟಾರ್ಟ್ ಮಾಡಬೇಕು. ಬೀಡಿ ಎಷ್ಟು ದೂರ ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಹವೆಯಲ್ಲಿ ಈ ಯಂತ್ರಗಳು ಓಡುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು. ಔಷಧಿ ಪಂಪಿಗೆ ಜೂನ್‌ನಿಂದ ಆಗಸ್ಟ್, ಕಟರಿಗೆ ಮಳೆ ಹಿಡಿದ ಮೇಲೊಂದು ಸಲ, ಮಳೆ ಬಿಡುವಾಗ ಇನ್ನೊಂದು ಸಲ. ಉಳಿದದ್ದು ನಿದ್ದೆ. ಆಮೇಲೆ ಜೂನ್ ಮೊದಲ ವಾರ ರಿಪೇರಿ ಅಂಗಡಿಯ ಮುಂದೆ ಸಾಲು. “ಹೋದ ವರ್ಷದ ಎಣ್ಣೆ ಹಾಗೇ ಬಿಟ್ಟಿದ್ರಾ ಭಟ್ರೇ?” ಎಂದು ಮೆಕ್ಯಾನಿಕ್ಕು ಕೇಳುತ್ತಾನೆ. ಬಿಟ್ಟಿರುತ್ತಾರೆ. ಪೆಟ್ರೋಲಿನ ಹಗುರ ಅಂಶವೆಲ್ಲ ಹಾರಿಹೋಗಿ, ಉಳಿದದ್ದು ಅಂಟಾಗಿ ಕಾರ್ಬುರೇಟರಿನ ಕೂದಲೆಳೆಯಷ್ಟು ರಂಧ್ರಗಳನ್ನು ಮುಚ್ಚಿರುತ್ತದೆ.

ಈಗ ಇದಕ್ಕೆ ಎಥನಾಲ್ ಸೇರಿಕೊಂಡಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಕಬ್ಬು ಬೆಳೆಗಾರರಿಗೆ ಒಳ್ಳೆಯದಾಗಲಿ, ಅದರ ತಕರಾರು ನನಗಿಲ್ಲ. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಜುಲೈನಲ್ಲಿ, ಬಟ್ಟೆಯೇ ವಾರವಾದರೂ ಒಣಗದ ಹವೆಯಲ್ಲಿ, ಅರ್ಧ ಖಾಲಿ ಟ್ಯಾಂಕಿಗೆ ತೇವಕ್ಕೆ ಕೊರತೆಯಿಲ್ಲ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ನು ಎಣ್ಣೆ ಎಳೆಯುವುದು ತಳದಿಂದಲೇ. ಟೂ ಸ್ಟ್ರೋಕಿನಲ್ಲಿ ಆಯಿಲು ಮೇಲಿನ ಪೆಟ್ರೋಲಿನಲ್ಲೇ ಉಳಿದು, ತಳದ ಆಯಿಲಿಲ್ಲದ ದ್ರವ ಒಳಗೆ ಹೋದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಹಲವು ಕಂಪನಿಗಳ ಸಣ್ಣ ಎಂಜಿನ್ನುಗಳ ಕೈಪಿಡಿಯಲ್ಲಿ ಎಥನಾಲ್ ಶೇ 10 ಮೀರಬಾರದು ಎಂದೇ ಇದೆ. ಹಳೆಯ ರಬ್ಬರ್ ಪೈಪು, ವಾಷರುಗಳು ಅದಕ್ಕೆ ಉಬ್ಬಿ ಬಿರುಕು ಬಿಡುತ್ತವೆ. ಬಿರುಕು ಬಿಟ್ಟ ಪೈಪು ಎಂದರೆ ರಿಪೇರಿ ಖರ್ಚು ಮಾತ್ರವಲ್ಲ, ಕತ್ತಲ ಮೂಲೆಯಲ್ಲಿ ಹನಿಹನಿಯಾಗಿ ಜಿನುಗುವ ಪೆಟ್ರೋಲು. ಯಂತ್ರ ಹಾಳಾಗುವುದೂ ಮನೆಗೆ ಬೆಂಕಿ ಬೀಳುವುದೂ ಒಂದೇ ಪೈಪಿನಿಂದ ಶುರುವಾಗಬಹುದು.

ಪರಿಹಾರ ಸರಳ. ಕಾಲ ಮುಗಿಯಿತೆಂದಾಗ, ಯಂತ್ರ ತಣಿದ ಮೇಲೆ, ಬಯಲಿನಲ್ಲಿ ಟ್ಯಾಂಕು ಖಾಲಿ ಮಾಡಿ, ಉಳಿದ ಹನಿ ಮುಗಿದು ತಾನೇ ನಿಲ್ಲುವ ತನಕ ಎಂಜಿನ್ ಓಡಿಸಬೇಕು. ಫ್ಲೋಟ್ ಬೌಲಿನ ಡ್ರೈನ್ ಸ್ಕ್ರೂ ಇದ್ದರೆ ಅದನ್ನೂ ಬಿಚ್ಚಿ ಹರಿಸಬೇಕು. ಔಷಧಿ ಪಂಪಿಗೆ ಎರಡು ಸಲ ಬರೀ ನೀರು ಹಾಯಿಸದಿದ್ದರೆ ಮೈಲುತುತ್ತ ಒಳಗೇ ಕೂತು ಲೋಹ ತಿನ್ನುತ್ತದೆ. ಮತ್ತೆ ತೆಗೆಯುವ ದಿನ ಎಣ್ಣೆ ಹಾಕುವ ಮೊದಲು ಪೈಪನ್ನು ಕೈಯಲ್ಲಿ ಬಾಗಿಸಿ ನೋಡಿ. ಇಲಿ ಕಚ್ಚಿದ ಗುರುತು ಸಾಮಾನ್ಯ. ಸೈಲೆನ್ಸರಿನ ಬಾಯಿಯಲ್ಲೂ ಟ್ಯಾಂಕ್ ಮುಚ್ಚಳದ ಗಾಳಿರಂಧ್ರದಲ್ಲೂ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದೂ ಹೊಸತಲ್ಲ.

ಇಡುವ ಜಾಗಕ್ಕೆ ಬಂದರೆ, ಖಾಲಿ ಟ್ಯಾಂಕಿನ ಯಂತ್ರವನ್ನು ಎಲ್ಲಾದರೂ ಒಣ ಜಾಗದಲ್ಲಿಡಬಹುದು. ಎಣ್ಣೆ ಇರುವ ಯಂತ್ರಕ್ಕೂ ಕ್ಯಾನಿಗೂ ಮನೆ, ಕೊಟ್ಟಿಗೆ, ಹುಲ್ಲಟ್ಟ, ಅಡಿಕೆ ಅಟ್ಟ ಯಾವುದೂ ಅಲ್ಲ. ಮನೆಯಿಂದ ಹತ್ತು ಹದಿನೈದು ಹೆಜ್ಜೆ ಆಚೆ, ಬಾವಿಯ ಪಕ್ಕವಲ್ಲದ ಕಡೆ, ನಾಲ್ಕು ತಗಡಿನ ಸಣ್ಣ ಮಾಡು. ಗೋಡೆಯ ಬುಡದಲ್ಲಿ ಗಾಳಿ ಹೋಗುವ ಜಾಲಿ. ಗಾಳಿಕಿಂಡಿ ಎಂದರೆ ಎತ್ತರದಲ್ಲಿ ಇಡುವುದು ನಮ್ಮ ರೂಢಿ, ಇಲ್ಲಿ ಕೆಳಗೂ ಬೇಕು. ಒಳಗೆ ಲೈಟು ಬೇಡ, ಬೀಗ ಬೇಕು. ಹೊರಗೆ ಬಂಕಿನಲ್ಲಿ ಕಾಣುವಂಥ ಮರಳು ತುಂಬಿದ ಒಂದು ಬಕೆಟ್ಟು. ಸಾಧ್ಯವಿದ್ದವರು ಡ್ರೈ ಪೌಡರಿನ ಒಂದು ಸಿಲಿಂಡರನ್ನೂ ಇಡಲಿ. ಬೆಂಕಿ ಎಂದ ಕೂಡಲೇ ನಮ್ಮ ಕೈ ಕೊಡಪಾನಕ್ಕೆ ಹೋಗುತ್ತದೆ. ಪೆಟ್ರೋಲು ನೀರಿಗಿಂತ ಹಗುರ; ನೀರು ಎರಚಿದರೆ ಅದು ನೀರಿನ ಮೇಲೆ ತೇಲಿ, ಉರಿಯುತ್ತಲೇ ಅಂಗಳ ತುಂಬ ಹರಡುತ್ತದೆ. ಈ ಮಾಡಿನೊಳಗಾಗಲಿ ಮುಚ್ಚಿದ ಬೇರೆ ಯಾವ ಕೋಣೆಯಲ್ಲಾಗಲಿ ಎಂಜಿನ್ ಓಡಿಸಿ ನೋಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕರೆಂಟು ಹೋದ ರಾತ್ರಿ, ಮಳೆ ಬರುತ್ತದೆಂದು ಜನರೇಟರನ್ನು ಜಗಲಿಯೊಳಗೆ ಎಳೆದುಕೊಂಡು ಬಾಗಿಲು ಹಾಕಿ ಮಲಗುವುದು ಈ ಕಾರಣಕ್ಕೇ ಪ್ರಾಣಾಂತಕ.

ಕೊನೆಗೆ ಉಳಿಯುವುದು ಟ್ಯಾಂಕಿನಿಂದ ಹೊರತೆಗೆದ ಎಣ್ಣೆಯ ಪ್ರಶ್ನೆ. ಆಯಿಲ್ ಬೆರೆಸದ, ತಿಂಗಳೊಪ್ಪತ್ತಿನ ಪೆಟ್ರೋಲಾದರೆ ಬೈಕಿನ ತುಂಬಿದ ಟ್ಯಾಂಕಿಗೆ ಅರ್ಧ ಲೀಟರು ಸೇರಿಸಿದರೆ ಮುಗಿಯಿತು. ಆಯಿಲ್ ಬೆರೆಸಿದ್ದಾದರೆ ಬೆರೆಸುವಾಗಲೇ ಲೆಕ್ಕ ಸರಿಯಿರಬೇಕು: ಐವತ್ತಕ್ಕೆ ಒಂದು ಎಂದರೆ ಲೀಟರಿಗೆ 20 ಮಿಲಿ, ಇಪ್ಪತ್ತೈದಕ್ಕೆ ಒಂದು ಎಂದರೆ 40 ಮಿಲಿ; ಆ ದಿನಕ್ಕೆ ಎಷ್ಟು ಬೇಕೋ ಅಷ್ಟೇ ಬೆರೆಸಿದರೆ ಉಳಿಯುವ ಮಾತೇ ಬರುವುದಿಲ್ಲ. ಉಳಿದು ತಿಂಗಳು ದಾಟಿದ್ದನ್ನು ಯಂತ್ರಕ್ಕೆ ಹಾಕಬೇಡಿ. ತಳದಲ್ಲಿ ನೀರು ಕಾಣುವ, ಬಣ್ಣ ಗಾಢವಾಗಿ ಹುಳಿ ವಾಸನೆ ಬಂದ ಹಳೆಯದನ್ನು ತೋಟದ ಕಾಲುವೆಗೆ, ಬಚ್ಚಲಿಗೆ, ಗೊಬ್ಬರಗುಂಡಿಗೆ ಚೆಲ್ಲದೆ, ಬಿಗಿಯಾಗಿ ಮುಚ್ಚಿ ಚೀಟಿ ಅಂಟಿಸಿಟ್ಟು, ಮುಂದಿನ ಸಲ ಪೇಟೆಗೆ ಹೋಗುವಾಗ ಹಳೇ ಆಯಿಲ್ ಒಟ್ಟುಮಾಡುವ ಗ್ಯಾರೇಜಿನಲ್ಲಿ ಕೇಳಿ, ಇದು ಪೆಟ್ರೋಲು ಎಂದು ಸ್ಪಷ್ಟವಾಗಿ ಹೇಳಿ ಕೊಡಿ.